ಎಣ್ಣೆ ಜಿಡ್ಡು ಹಿಡಿದ, ಹಾಲು ಚೆಲ್ಲಿದ ಮೆಮೊರಿ ಫೋಮ್ ದಿಂಬನ್ನು ಶುಚಿ ಮಾಡುವುದು ಹೇಗೆ?

ಸುಮಾ, ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರಿಗೆ ಕತ್ತುನೋವು ಇರುವುದರಿಂದ, ಮೂಳೆ ವೈದ್ಯರ ಸಲಹೆಯಂತೆ ಕಳೆದ ವರ್ಷ ಒಂದು ಮೆಮೊರಿ ಫೋಮ್ ದಿಂಬು ಕೊಂಡೆವು. ಅದು ಅವರಿಗೆ ಎಷ್ಟು ಒಗ್ಗಿದೆಯೆಂದರೆ ಬೇರೆ ದಿಂಬಿನ ಮೇಲೆ ಅವರು ತಲೆಯಿಡುವುದೇ ಇಲ್ಲ. ಆದರೆ ದಿನವೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು ಅವರ ರೂಢಿ. ಆ ಎಣ್ಣೆ ಗವಸನ್ನೂ ಒಳಗಿನ ಜಿಪ್ ಕವರನ್ನೂ ದಾಟಿ, ಫೋಮಿನ ಮೇಲೆ ಅಂಗೈಯಗಲದ ಹಳದಿ ಕರೆಯಾಗಿ ನಿಂತಿದೆ. ಸಾಲದ್ದಕ್ಕೆ ನಿನ್ನೆ ಸಂಜೆ ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ಹಾಲು ಕುಡಿಯುವಾಗ ಲೋಟ ಮಗುಚಿ ದಿಂಬಿನ ಒಂದು ಮೂಲೆ ನೆನೆಯಿತು. ತಕ್ಷಣ ಬಟ್ಟೆಯಿಂದ ಒತ್ತಿ ತೆಗೆದಿದ್ದೇನೆ; ಆದರೂ ಹುಳಿ ವಾಸನೆ ಶುರುವಾಗಿದೆ.

ಬೂರುಗದ ಹತ್ತಿಯ ದಿಂಬುಗಳಂತೆ ಇದನ್ನೂ ತಾರಸಿಯ ಮೇಲೆ ಬಿಸಿಲಿಗೆ ಹಾಕೋಣ ಎಂದು ಅತ್ತೆಯವರು ಹೇಳುತ್ತಾರೆ. ವಾಷಿಂಗ್ ಮಷೀನಿಗೆ ಹಾಕಿದರಾಯಿತು ಎಂಬುದು ನಮ್ಮ ಮನೆಯವರ ಮಾತು. ನನಗೆ ಎರಡಕ್ಕೂ ಧೈರ್ಯ ಬರುತ್ತಿಲ್ಲ. ನಮ್ಮದು ಬೋರ್‌ವೆಲ್‌ನ ಗಡಸು ನೀರು, ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇಲ್ಲ. ತಿಳಿದವರು ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ವೆಂಕಟೇಶ್, ಕೋಲಾರ

ಸುಮಾ ಅವರೇ, ದಯವಿಟ್ಟು ಮಷೀನಿಗೂ ಹಾಕಬೇಡಿ, ಬಿಸಿಲಿಗೂ ಹಾಕಬೇಡಿ. ನಾನು ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವವನು. ಕೆಟ್ಟುಹೋಯಿತೆಂದು ಗಿರಾಕಿಗಳು ತಂದು ತೋರಿಸುವ ಇಂಥ ದಿಂಬುಗಳಲ್ಲಿ ಹೆಚ್ಚಿನವು ಬಳಸಿ ಕೆಟ್ಟವಲ್ಲ, ಒಗೆದು ಕೆಟ್ಟವು.

ಇದಕ್ಕೆ ಕಾರಣ ಆ ಫೋಮಿನ ರಚನೆಯಲ್ಲೇ ಇದೆ. ಮೆಮೊರಿ ಫೋಮ್ ಎಂಬುದು ಒಂದು ಬಗೆಯ ಪಾಲಿಯುರೆಥೇನ್. ವಿಮಾನದ ಆಸನಗಳನ್ನು ಸುಧಾರಿಸುವುದಕ್ಕಾಗಿ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಯೋಜನೆಯೊಂದರಲ್ಲಿ ರೂಪುಗೊಂಡದ್ದು. ಅದರೊಳಗೆ ಒಂದಕ್ಕೊಂದು ತೆರೆದುಕೊಂಡ ಅತಿ ಸಣ್ಣ ಗೂಡುಗಳಿರುತ್ತವೆ. ಒತ್ತಿದಾಗ ಗಾಳಿ ನಿಧಾನವಾಗಿ ಹೊರಹೋಗಿ, ಕೈ ತೆಗೆದ ಮೇಲೆ ನಿಧಾನವಾಗಿ ಒಳಬರುವುದೂ ಆ ಗೂಡುಗಳ ಮೂಲಕವೇ. ಗಾಳಿ ಹೋಗುವಲ್ಲಿ ನೀರೂ ಹೋಗುತ್ತದೆ, ಆದರೆ ಹೋದ ನೀರು ಸುಲಭವಾಗಿ ಹೊರಬರುವುದಿಲ್ಲ. ಮಷೀನಿನಲ್ಲಿ ನೀರು ಕುಡಿದು ಭಾರವಾದ ಫೋಮು ತಿರುಗುವ ರಭಸಕ್ಕೆ ಹರಿಯುತ್ತದೆ. ಹರಿಯದಿದ್ದರೂ ಮೇಲ್ಭಾಗ ಒಣಗಿದಂತೆ ಕಂಡು ಒಳಭಾಗ ದಿನಗಟ್ಟಲೆ ತೇವವಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ. ಕೈಯಿಂದ ಹಿಂಡಿದರೂ ಹರಿಯುವುದೇ.

ನಿಮ್ಮ ದಿಂಬಿನಲ್ಲಿ ಎರಡು ಬೇರೆ ಬೇರೆ ಕರೆಗಳಿವೆ, ಎರಡಕ್ಕೂ ಬೇಕಾದ ನೀರು ಬೇರೆ. ಹಾಲಿನಲ್ಲಿರುವ ಪ್ರೋಟೀನು ಬಿಸಿ ತಾಗಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ತಣ್ಣೀರೇ ಆಗಬೇಕು. ಕೊಬ್ಬರಿ ಎಣ್ಣೆಯದು ಇದಕ್ಕೆ ತದ್ವಿರುದ್ಧ. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಉಗುರುಬೆಚ್ಚಗಿನ ನೀರಿಗೇ ಬಿಡುತ್ತದೆ. ಹೀಗಾಗಿ ಮೊದಲು ಹಾಲು, ಆಮೇಲೆ ಎಣ್ಣೆ.

ಗವಸು ಮತ್ತು ಕವರನ್ನು ಬಿಚ್ಚಿ ಒಗೆಯಲು ಹಾಕಿಬಿಡಿ. ಒಂದು ಬಟ್ಟಲು ತಣ್ಣೀರಿಗೆ ಬಟ್ಟೆ ಒಗೆಯುವ ಲಿಕ್ವಿಡ್ ಡಿಟರ್ಜೆಂಟನ್ನು ಕೆಲವೇ ಹನಿ ಹಾಕಿ ಕಲಸಿ. ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಫೋಮಿನಲ್ಲೇ ಕೂರುತ್ತದೆ, ಆದ್ದರಿಂದ ಬಾರ್ ಸೋಪು ಬೇಡ. ಸಾಧ್ಯವಾದರೆ ಕುಡಿಯಲು ತರುವ ಫಿಲ್ಟರ್ ನೀರನ್ನೇ ಬಳಸಿ, ಬೇಕಾಗುವುದು ಎರಡು ಲೋಟ ಅಷ್ಟೇ. ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಬಿಗಿಯಾಗಿ ಹಿಂಡಿ, ಹಾಲು ಬಿದ್ದ ಜಾಗದ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ತೆಗೆಯಿರಿ. ಉಜ್ಜಬಾರದು, ಉಜ್ಜಿದರೆ ಫೋಮು ಪುಡಿಪುಡಿಯಾಗಿ ಎದ್ದು ಬಟ್ಟೆಗೆ ಅಂಟುತ್ತದೆ. ಬಳಿಕ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬೇರೆ ಬಟ್ಟೆಯಿಂದ ಡಿಟರ್ಜೆಂಟನ್ನು ತೆಗೆದು, ಒಣ ಟವೆಲನ್ನು ಮಡಚಿ ಅಂಗೈಯಿಂದ ಅದುಮಿ ತೇವ ಹೀರಿಸಿ. ಎಣ್ಣೆ ಕರೆಗೂ ಇದೇ ಕ್ರಮ, ನೀರು ಮಾತ್ರ ಉಗುರುಬೆಚ್ಚಗಿರಲಿ. ಎಣ್ಣೆ ಹೋಗಲೆಂದು ಪೆಟ್ರೋಲ್, ಥಿನ್ನರ್, ಬ್ಲೀಚ್ ಇವುಗಳನ್ನು ಮಾತ್ರ ಹತ್ತಿರ ತರಬೇಡಿ, ಫೋಮೇ ಹಾಳಾಗುತ್ತದೆ.

ವಾಸನೆಗೆ ಅಡುಗೆ ಸೋಡಾ ಒಳ್ಳೆಯದು. ಅದು ಕರೆಯನ್ನು ತೆಗೆಯುವುದಿಲ್ಲ, ಹುಳಿ ವಾಸನೆಯನ್ನು ಎಳೆದುಕೊಳ್ಳುತ್ತದೆ. ದಿಂಬು ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಉದುರಿಸಿ ರಾತ್ರಿಯಿಡೀ ಬಿಡಿ. ವ್ಯಾಕ್ಯೂಮ್ ಇಲ್ಲದಿದ್ದರೆ ದಿಂಬನ್ನು ಬೋರಲಾಗಿ ಹಿಡಿದು ಹಿಂದಿನಿಂದ ಮೆಲ್ಲಗೆ ತಟ್ಟಿ, ಮೃದುವಾದ ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ತೇವವಿರುವಾಗ ಹಾಕಿದರೆ ಸೋಡಾ ಗೂಡುಗಳಲ್ಲಿ ಗಟ್ಟಿಯಾಗಿ ಉಳಿದುಬಿಡುತ್ತದೆ.

ಗೀತಾ, ಚಿಂತಾಮಣಿ

ವೆಂಕಟೇಶ್ ಅವರು ಹೇಳಿದ್ದು ಸರಿಯಾಗಿದೆ. ಬಿಸಿಲಿನ ವಿಷಯದಲ್ಲಿ ಮಾತ್ರ ನನ್ನದೊಂದು ಸಂದೇಹವಿದೆ. ಬೆಳಗಿನ ಎಳೆಬಿಸಿಲಿನಲ್ಲಿ, ಮೇಲೊಂದು ತೆಳು ಪಂಚೆ ಹೊದಿಸಿ, ಅರ್ಧ ಗಂಟೆ ಇಟ್ಟರೆ ತೊಂದರೆಯಾಗಲಾರದು ಎಂದು ನನ್ನ ಭಾವನೆ.

ಇನ್ನು ಅತ್ತೆಯವರ ಎಣ್ಣೆಯ ವಿಷಯ. ವಯಸ್ಸಾದವರ ರೂಢಿಯನ್ನು ಬದಲಿಸಲು ಹೋಗುವುದಕ್ಕಿಂತ ದಿಂಬಿಗೆ ಕಾವಲು ಹಾಕುವುದು ಸುಲಭ. ನಮ್ಮ ತಾಯಿಯ ದಿಂಬಿಗೆ ನೀರು ಇಳಿಯದ ಜಿಪ್ ಕವರು ಹಾಕಿ, ಅದರ ಮೇಲೆ ಹತ್ತಿಯ ಗವಸು ತೊಡಿಸಿ, ತಲೆ ತಾಗುವ ಕಡೆ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಹಾಸುತ್ತೇವೆ. ಎಣ್ಣೆ ಬಹುಪಾಲು ಆ ತುಂಡಿನಲ್ಲೇ ನಿಲ್ಲುತ್ತದೆ. ಅದನ್ನು ಎರಡು ದಿನಕ್ಕೊಮ್ಮೆ, ಗವಸನ್ನು ವಾರಕ್ಕೊಮ್ಮೆ ಒಗೆಯುತ್ತೇವೆ. ಹತ್ತಿಯ ಗವಸು ಬಿಸಿನೀರನ್ನು ತಡೆಯುತ್ತದೆಯಾದ್ದರಿಂದ 60 ಡಿಗ್ರಿಯಷ್ಟು ಬಿಸಿಯಲ್ಲಿ ಒಗೆದರೆ ದೂಳಿನ ನುಸಿಯೂ ಸಾಯುತ್ತದೆ. ತಲೆಸ್ನಾನ ಮಾಡಿ ಕೂದಲು ಒಣಗುವ ಮೊದಲೇ ಮಲಗುವುದನ್ನು ಮಾತ್ರ ತಪ್ಪಿಸಬೇಕು. ಆ ತೇವ ನೇರವಾಗಿ ಫೋಮಿಗೆ ಇಳಿಯುತ್ತದೆ.

ವೆಂಕಟೇಶ್, ಕೋಲಾರ

ಗೀತಾ ಅವರೇ, ಸೀರೆ ತುಂಡಿನ ಉಪಾಯ ಬಹಳ ಚೆನ್ನಾಗಿದೆ, ಇನ್ನು ಮುಂದೆ ಗಿರಾಕಿಗಳಿಗೂ ಹೇಳುತ್ತೇನೆ. ಬಿಸಿಲಿಗೆ ಮಾತ್ರ ನಾನು ಒಪ್ಪಲಾರೆ. ಸೂರ್ಯನ ಅತಿನೇರಳೆ ಕಿರಣ ತಾಗಿದಷ್ಟೂ ಪಾಲಿಯುರೆಥೇನ್ ಹಳದಿಯಾಗುತ್ತದೆ, ಕಾಲಕ್ರಮದಲ್ಲಿ ಮೇಲ್ಪದರ ಬಿರುಸಾಗಿ ಉದುರುತ್ತದೆ. ಎಳೆಬಿಸಿಲಿನಿಂದ ಒಂದೇ ದಿನಕ್ಕೆ ಕೆಡುವುದಿಲ್ಲ ಎಂಬುದು ನಿಜ. ಆದರೆ ಇಟ್ಟು ಮರೆತರೆ ಎಳೆಬಿಸಿಲು ಮಧ್ಯಾಹ್ನದ ಬಿಸಿಲಾಗಲು ಹೆಚ್ಚು ಹೊತ್ತು ಬೇಕಿಲ್ಲ. ಹತ್ತಿಯ ದಿಂಬಿಗೆ ಬಿಸಿಲು ಬೇಕು, ಇದಕ್ಕೆ ಬೇಕಾದದ್ದು ಗಾಳಿ. ಎರಡು ಕುರ್ಚಿಗಳನ್ನು ಸ್ವಲ್ಪ ದೂರವಿಟ್ಟು, ನಡುವೆ ಸೇತುವೆಯಂತೆ ದಿಂಬನ್ನು ಅಂಚಿನ ಮೇಲೆ ನಿಲ್ಲಿಸಿ, ಫ್ಯಾನ್ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಿ. ಒಣಗಿದೆಯೇ ಎಂದು ನೋಡಲು ಟಿಶ್ಯೂ ಕಾಗದವನ್ನು ಕರೆಯಿದ್ದ ಜಾಗದ ಮೇಲಿಟ್ಟು ಬಲವಾಗಿ ಅದುಮಿ. ಕಾಗದ ತಣ್ಣಗಾದರೆ ಇನ್ನೂ ಕಾಯಬೇಕು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆ ಜೋರಾಗಿರುವಾಗ ಇಂಥ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್ ಯಾವುದೂ ಬೇಡ.

ಸುಮಾ, ಕ್ಯಾತ್ಸಂದ್ರ, ತುಮಕೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದಂತೆಯೇ ಮಾಡಿದೆ. ಹಾಲಿನ ವಾಸನೆ ಪೂರ್ತಿ ಹೋಗಿದೆ, ಜಿಡ್ಡೂ ಕೈಗೆ ತಾಗುತ್ತಿಲ್ಲ. ಹಳದಿ ಬಣ್ಣ ಮಾತ್ರ ಮಸುಕಾಗಿ ಉಳಿದಿದೆ. ಇನ್ನೊಂದು ಪ್ರಶ್ನೆ: ಚಳಿಗಾಲದ ಬೆಳಗ್ಗೆ ಈ ದಿಂಬು ಕಲ್ಲಿನಂತಾಗುತ್ತದೆ ಎಂದು ಅತ್ತೆಯವರು ಆಗಾಗ ಹೇಳುತ್ತಿದ್ದರು. ಬಣ್ಣ, ಗಡಸುತನ ಎರಡನ್ನೂ ನೋಡಿದರೆ ದಿಂಬನ್ನೇ ಬದಲಿಸಬೇಕೆ?

ನಾಗರಾಜ್, ಗೌರಿಬಿದನೂರು

ಆ ಎರಡು ಕಾರಣಕ್ಕೆ ಬದಲಿಸಬೇಕಿಲ್ಲ, ಸುಮಾ ಅವರೇ. ಮೆಮೊರಿ ಫೋಮ್ ಮೈಯ ಬಿಸಿಗೆ ಮೆತ್ತಗಾಗಿ ಚಳಿಗೆ ಬಿಗಿಯಾಗುವುದು ಅದರ ಗುಣವೇ ಹೊರತು ದೋಷವಲ್ಲ. ತಲೆಯಿಟ್ಟು ಕೆಲವು ನಿಮಿಷಗಳಾದರೆ ಸಡಿಲವಾಗುತ್ತದೆ. ಬಣ್ಣವೂ ಅಷ್ಟೇ. ಕವರಿನೊಳಗೆ ಭದ್ರವಾಗಿರುವ ಫೋಮು ಕೂಡ ಗಾಳಿ, ಬೆಳಕು ಸೋಕಿ ವರ್ಷ ಕಳೆದಂತೆ ತಾನಾಗಿ ಹಳದಿಯಾಗುತ್ತದೆ.

ಬದಲಿಸಬೇಕೋ ಬೇಡವೋ ಎಂಬುದನ್ನು ತಿಳಿಯಲು ದಿಂಬನ್ನು ಅರ್ಧಕ್ಕೆ ಮಡಚಿ, ಸ್ವಲ್ಪ ಹೊತ್ತು ಹಿಡಿದು, ಕೈಬಿಟ್ಟು ನೋಡಿ. ನಿಧಾನವಾಗಿಯಾದರೂ ಪೂರ್ತಿ ಬಿಡಿಸಿಕೊಂಡರೆ ಅದರಲ್ಲಿ ಇನ್ನೂ ಕಸುವಿದೆ. ಮಡಿಕೆ ಹಾಗೆಯೇ ನಿಂತರೆ, ತಲೆಯ ಜಾಗದಲ್ಲಿ ಗುಳಿ ಉಳಿದರೆ ಅಥವಾ ಒಣಗಿದ ಮೇಲೂ ಮುಗ್ಗಲು ವಾಸನೆ ಬರುತ್ತಿದ್ದರೆ ಹಿಂದೆಮುಂದೆ ನೋಡದೆ ಬದಲಿಸಿ, ಏಕೆಂದರೆ ಗುಳಿ ಬಿದ್ದ ದಿಂಬು ಕತ್ತಿಗೆ ಆಸರೆ ಕೊಡುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳಿಕೆ ಬರುತ್ತವೆ. ಹೊಸದನ್ನು ತಂದಾಗ ಒಳಗಿನ ಲೇಬಲ್ ಓದಿ: ಇಡೀ ಅಚ್ಚಿನ ಫೋಮ್ ಬದಲು ಫೋಮಿನ ಸಣ್ಣ ತುಂಡುಗಳನ್ನು ತುಂಬಿದ ದಿಂಬುಗಳೂ ಸಿಗುತ್ತವೆ, ಅವುಗಳಲ್ಲಿ ಕೆಲವನ್ನು ಮಷೀನಿನಲ್ಲಿ ಒಗೆಯಬಹುದೆಂದು ತಯಾರಕರೇ ನಮೂದಿಸಿರುತ್ತಾರೆ.