ಸೊಪ್ಪಿನಲ್ಲಿ ಕೀಟನಾಶಕ ಔಷಧಿ ಅಂಶ: ಹೊಳೆಯುವ ಪುಡಿಯಿಂದ ಬೇಗ ಗೊತ್ತಾಗುತ್ತಾ?

ಪ್ರಶ್ನೆ: ಮಾಲೂರು ಕಡೆಯ ರೈತ

ಅರ್ಧ ಎಕರೆ ಕೊತ್ತಂಬರಿ ಹಾಕಿದ್ದೆ. ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆದ ದಿನ ಗಾಳಿ ನಮ್ಮ ಕಡೆಗೇ ಇತ್ತು. ಮಾಲು ಕೊಳ್ಳುವವರು ಲ್ಯಾಬ್ ರಿಪೋರ್ಟ್ ಕೇಳಿದರು. ಅದು ಬರಲು ಆರು ದಿನ ಹಿಡಿಯಿತು. ಅಂಶ ಏನೂ ಇಲ್ಲ ಅಂತ ಬಂತು, ಆದರೆ ಅಷ್ಟರಲ್ಲಿ ಸೊಪ್ಪು ಹಳದಿಯಾಗಿತ್ತು. ಕತ್ತಲಲ್ಲಿ ಹೊಳೆಯುವ ನ್ಯಾನೋ ಪುಡಿಯಿಂದ ಬೇಗ ಪತ್ತೆ ಮಾಡಬಹುದು ಅಂತ ಓದಿದೆ. ನಿಜವಾ?

ಉತ್ತರ: ಲ್ಯಾಬ್ ಕೆಲಸದವಳು

ಓದಿ ತುಂಬಾ ಬೇಜಾರಾಯಿತು ಅಣ್ಣಾ. ದಿನಾ ಸೊಪ್ಪು ರುಬ್ಬುವವಳು ನಾನು. ದ್ರಾವಕ ಹಾಕಿ ತೆಗೆದ ಹಸಿರು ರಸವನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ರಕ್ತದಂತೆ ಕೆಂಪಗೆ ಹೊಳೆಯುತ್ತದೆ. ಅದು ಎಲೆಯ ಹಸಿರಿನದೇ ಬೆಳಕು. ಸಾಮಾನ್ಯ ಹೊಳೆಯುವ ಬಣ್ಣ ಬಳಸಿದರೆ ಎರಡೂ ಬೆರೆತು ಲೆಕ್ಕ ತಪ್ಪುತ್ತದೆ. ದೀಪ ಆರಿಸಿ ನೋಡಿ: ಸೆಕೆಂಡಿನ ಕೋಟಿಯಲ್ಲೊಂದು ಪಾಲು ಕಳೆಯುವುದರೊಳಗೆ ಆ ಕೆಂಪು ಮಾಯ. ಮ್ಯಾಂಗನೀಸ್ ಬೆರೆಸಿದ ಸತುವಿನ ಸಲ್ಫೈಡ್ ಕಣಗಳು ಮಾತ್ರ ಆಮೇಲೂ ಒಂದೆರಡು ಮಿಲಿಸೆಕೆಂಡು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಯಂತ್ರ ಆ ಕೆಂಪು ಹೋಗುವವರೆಗೆ ಕಾದು, ಆಮೇಲೆ ಉಳಿದ ಕಿತ್ತಳೆ ಹೊಳಪನ್ನು ಅಳೆಯುತ್ತದೆ. ಈ ಉಪಾಯ ನನಗೆ ತುಂಬಾ ಇಷ್ಟ.

ಆದರೆ ವಿಷವನ್ನು ಗುರುತು ಹಿಡಿಯುವುದು ಕಣವಲ್ಲ, ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅನ್ನುವ ಕಿಣ್ವ. ಹುಳದ ನರದಲ್ಲೂ ನಮ್ಮ ನರದಲ್ಲೂ ಇರುವಂಥದ್ದೇ. ಒಂದು ವಿಧಾನದಲ್ಲಿ ಕಣಗಳಿಗೆ ಮ್ಯಾಂಗನೀಸ್ ಡೈಆಕ್ಸೈಡ್‌ನ ತೆಳು ಹಾಳೆ ಹೊದಿಸಿ ಹೊಳಪು ಅಡಗಿಸುತ್ತಾರೆ. ಕಿಣ್ವಕ್ಕೆ ಅಸಿಟೈಲ್‌ಥಯೋಕೋಲಿನ್ ಅನ್ನುವ ರಾಸಾಯನಿಕ ಕೊಟ್ಟರೆ ಅದನ್ನು ಒಡೆಯುತ್ತದೆ. ಆಗ ಬರುವ ಥಯೋಕೋಲಿನ್ ಹಾಳೆಯನ್ನು ಕರಗಿಸುತ್ತದೆ, ಹೊಳಪು ವಾಪಸ್ ಬರುತ್ತದೆ. ಆರ್ಗನೋಫಾಸ್ಫೇಟ್ ಅನ್ನುವ ಗುಂಪಿನ ಕೀಟನಾಶಕ ಔಷಧಿ ಇದ್ದರೆ ಕಿಣ್ವದ ಕೈ ಕಟ್ಟಿದಂತೆ. ಔಷಧಿ ಜಾಸ್ತಿ ಇದ್ದಷ್ಟೂ ಹೊಳಪು ಕಡಿಮೆ.

ಪ್ರತಿಕ್ರಿಯೆ: ಮನೆ ಅಡುಗೆಯವಳು

ಹಾಗಾದರೆ ಹೊಳೆದರೆ ಸೊಪ್ಪು ಶುದ್ಧ ಅಂತ ತಿಳಿಯಬಹುದು ಅಲ್ವಾ?

ಉತ್ತರ: ಲ್ಯಾಬ್ ಕೆಲಸದವಳು

ಇಲ್ಲ ಅಕ್ಕಾ. ಮ್ಯಾಂಕೋಜೆಬ್, ಇಮಿಡಾಕ್ಲೋಪ್ರಿಡ್ ಥರದ ಔಷಧಿಗಳು ಈ ಕಿಣ್ವದ ತಂಟೆಗೇ ಹೋಗುವುದಿಲ್ಲ, ಅವು ತಪ್ಪಿಸಿಕೊಳ್ಳುತ್ತವೆ. ಈ ವಿಧಾನ ಯಾವ ಔಷಧಿ ಅಂತ ಹೆಸರೂ ಹೇಳುವುದಿಲ್ಲ. ಬೇರೆ ಮಿತಿ ಗೊತ್ತುಮಾಡದ ಔಷಧಿಗೆ ನಮ್ಮ ದೇಶದ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ಒಂದು ಟನ್ ಸೊಪ್ಪಿನಲ್ಲಿ 10 ಮಿಲಿಗ್ರಾಂ. ಅದನ್ನು ಹೆಸರು ಸಮೇತ ಹೇಳಲು ದೊಡ್ಡ ಯಂತ್ರವೇ ಬೇಕು. ಇದು ಮೊದಲ ಜರಡಿ ಅಷ್ಟೇ.

ಪ್ರಶ್ನೆ ಕೇಳಿದವರು

ಪಕ್ಕದವರ ಬಾಟಲಿ ನೋಡಿ ಬಂದೆ ಮೇಡಂ. ಪ್ರೊಫೆನೋಫಾಸ್, ಸೈಪರ್‌ಮೆಥ್ರಿನ್ ಎರಡೂ ಬರೆದಿದೆ.

ಉತ್ತರ: ಲ್ಯಾಬ್ ಕೆಲಸದವಳು

ಮೊದಲನೆಯದು ಆರ್ಗನೋಫಾಸ್ಫೇಟ್, ಅದು ಕಿಣ್ವಕ್ಕೆ ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಮುಂದಿನ ಸಲ ಹೀಗಾದರೆ ಕೊಯ್ಲಿಗೆ ಕಾಯಬೇಡಿ, ವಾರ ಮೊದಲೇ ಮಾದರಿ ಕಳಿಸಿ. ಲ್ಯಾಬಿನ ಅರ್ಜಿ ಫಾರ್ಮಿನಲ್ಲಿ ಎರಡೂ ಹೆಸರು ಬರೆಯಿರಿ, ಬಾಟಲಿ ಲೇಬಲ್‌ನ ಫೋಟೊ ಜೊತೆಗಿಡಿ.