ಚಿಕ್ಕಬಳ್ಳಾಪುರ ಸುತ್ತಿನ ಗರಸು ದಾರಿಗೆ ಎಂಟಿಬಿ (ಮೌಂಟನ್ ಬೈಕ್) ಟಯರ್: ಮುಂದಕ್ಕೆ ಯಾವುದು, ಹಿಂದಕ್ಕೆ ಯಾವುದು?

ನಂದಿತಪ್ಪಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 29 ಇಂಚಿನ ಹಾರ್ಡ್‌ಟೇಲ್‌ಗೆ (ಮುಂದೆ ಮಾತ್ರ ಸಸ್ಪೆನ್ಷನ್ ಇರೋ ಸೈಕಲ್) ಎರಡೂ ಟಯರ್ ಬದಲಾಯಿಸಬೇಕು. ಈಗಿರೋದು ಸೈಕಲ್ ಜೊತೆ ಬಂದ 2.1 ಇಂಚಿನ ತಂತಿ ಬೀಡ್ (ರಿಮ್‌ಗೆ ಕೂರೋ ಅಂಚು) ಟಯರ್, ಮುಂದೆ ಹಿಂದೆ ಎರಡೂ ಒಂದೇ. ಹಿಂದಿನದರ ನಡುಸಾಲಿನ ಬಟನ್ (ಟಯರ್ ಮೇಲಿನ ರಬ್ಬರ್ ಗುಬ್ಬಿ) ಸವೆದು ನುಣ್ಣಗಾಗಿದೆ. ಮುಂದಿನದು ನೋಡೋಕೆ ಚೆನ್ನಾಗಿದೆ, ಆದರೆ ಗರಸಿನ ತಿರುವಲ್ಲಿ ಹೇಳದೆ ಕೇಳದೆ ಜಾರುತ್ತೆ.

ದಾರಿ: ಊರಿಂದ ಮುದ್ದೇನಹಳ್ಳಿ ಕಡೆಗೆ ಡಾಂಬರು, ಆಮೇಲೆ ನಂದಿ ಬೆಟ್ಟದ ಬುಡದ ಮಣ್ಣುದಾರಿ, ದ್ರಾಕ್ಷಿ ತೋಟದ ಬದು, ನೀಲಗಿರಿ ತೋಪು. ಲೆಕ್ಕ ಹಾಕಿದರೆ ಡಾಂಬರು ಅರ್ಧ, ಮಣ್ಣು ಅರ್ಧ. ಆಗೊಮ್ಮೆ ಈಗೊಮ್ಮೆ ಕೋಲಾರದ ಅಂತರಗಂಗೆ ಮೇಲೆ ತೇರಹಳ್ಳಿ ಕಡೆ. ತೂಕ 72 ಕೆಜಿ. ರಿಮ್ ಮೇಲೆ 622x21 ಅಂತ ಇದೆ (ವ್ಯಾಸ 622, ಒಳ ಅಗಲ 21 ಮಿಮೀ). ಟ್ಯೂಬ್‌ಲೆಸ್ ರಿಮ್ ಅಲ್ಲ.

ಅಂಗಡಿಯಲ್ಲಿ ಜೋಡಿ ಟಯರ್ ತಗೊಳ್ಳಿ ಅಂತಾರೆ. ಎರಡಕ್ಕೂ 2.4 ಹಾಕಿಬಿಡಲಾ? ಇಲ್ಲ ಬೇರೆ ಬೇರೆ ಹಾಕಬೇಕಾ?

ಗರಸುದಾರಿ

ಬೇರೆ ಬೇರೆನೇ ಹಾಕಿ. ಹಿಂದಿನ ಚಕ್ರ ಜಾರಿದರೆ ಸೊಂಟ ಆಡಿಸಿ ಸರಿ ಮಾಡ್ಕೊಬಹುದು. ಮುಂದಿನದು ಜಾರಿದರೆ ಹ್ಯಾಂಡಲ್ ಮಡಚಿಕೊಂಡು ನೇರ ನೆಲಕ್ಕೇ. ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತೆ, ತಿರುಗಿಸೋ ಕೆಲಸವೂ ಮುಂದಿನದ್ದೇ. ಹಿಂದಿನದಕ್ಕೆ ಕೂತವರ ಭಾರದಲ್ಲಿ ಹೆಚ್ಚು ಪಾಲು, ಪೆಡಲ್ ಒತ್ತಡ, ಬಂಡೆಯ ಹೊಡೆತ. ಅದಕ್ಕೇ ಮುಂದೆ ಹಿಡಿತ, ಹಿಂದೆ ಗಟ್ಟಿತನ ಮತ್ತು ಸಲೀಸಾಗಿ ಉರುಳೋ ಗುಣ ನೋಡಬೇಕು.

ನಮ್ಮ ಕಡೆ ನೆಲ ಹೇಗಿದೆ ಅನ್ನೋದರ ಮೇಲೆ ಟಯರ್ ನಿಂತಿದೆ. ಕೆಳಗೆ ಡಾಂಬರಿನಷ್ಟು ಗಟ್ಟಿ ಕೆಂಪು ನೆಲ, ಮೇಲೆ ಕಾಲಿಂಚು ಗರಸು. ಕಣದಲ್ಲಿ ಚೆಲ್ಲಿದ ಕಾಳಿನ ಮೇಲೆ ಕಾಲಿಟ್ಟ ಹಾಗೆ, ಗರಸು ಟಯರ್ ಕೆಳಗೆ ಉರುಳುತ್ತೆ. ಇದಕ್ಕೆ ತೀರಾ ಎತ್ತರದ ಬಟನ್ ಕೆಲಸಕ್ಕೆ ಬರಲ್ಲ: ಗರಸು ದಾಟಿ ಗಟ್ಟಿ ನೆಲ ಮುಟ್ಟಿದ ಕೂಡಲೇ ಬಾಗುತ್ತೆ. ತೀರಾ ಗಿಡ್ಡದ್ದು ಗರಸಿನ ಮೇಲೇ ತೇಲುತ್ತೆ. ಮಧ್ಯಮ ಎತ್ತರ, ನಡುವೆ ಜಾಗ ಬಿಟ್ಟ ಬಟನ್, ದಪ್ಪ ಅಂಚಿನ ಸಾಲು ಇರೋದು ಬೇಕು. ಅಂಗಡಿಯಲ್ಲೇ ಅಂಚಿನ ಬಟನ್ನನ್ನು ಹೆಬ್ಬೆರಳಿಂದ ಪಕ್ಕಕ್ಕೆ ಒತ್ತಿ ನೋಡಿ. ಬುಡದಿಂದಲೇ ಮಡಚಿಕೊಂಡರೆ ತಿರುವಲ್ಲೂ ಹಾಗೇ ಮಡಚುತ್ತೆ.

ನಡುಸಾಲಿಗೂ ಅಂಚಿನ ಸಾಲಿಗೂ ಮಧ್ಯೆ ಅಗಲದ ಖಾಲಿ ಜಾಗ ಇದ್ದರೆ, ಸೈಕಲ್ ಅರೆಬರೆ ವಾಲಿಸಿದಾಗ ನೆಲಕ್ಕೆ ಬಟನ್ನೇ ಸಿಗಲ್ಲ. ಇನ್ನೂ ವಾಲಿಸಿದರೆ ಅಂಚು ಕಚ್ಚುತ್ತೆ, ಆದರೆ ನಡುವೆ ಒಂದು ಕ್ಷಣ ಬರೀ ಜಾರಾಟ. ನಿಮ್ಮದು ಹೇಳದೆ ಕೇಳದೆ ಜಾರುತ್ತೆ ಅಂದಿರಲ್ಲ, ಬಹಳ ಮಟ್ಟಿಗೆ ಕಾರಣ ಇದೇ ಇರಬೇಕು. ನೀಲಗಿರಿ ತೋಪಲ್ಲಿ ಒಣಗಿದ ಎಲೆ, ಸುಲಿದ ತೊಗಟೆ ಹಾಸಿರೋ ಕಡೆ ಮಾತ್ರ ಯಾವ ಟಯರೂ ಕೈ ಹಿಡಿಯಲ್ಲ. ಅಲ್ಲಿ ಬ್ರೇಕ್ ಮುಟ್ಟದೆ ನೇರ ಹೋಗಿ.

ಹಿಂದಿನದಕ್ಕೆ ನಡುಸಾಲು ಒತ್ತೊತ್ತಾಗಿರಲಿ. ಬಟನ್‌ನ ಮುಂದಿನ ಅಂಚು ಇಳಿಜಾರಾಗಿ ಕೊಯ್ದಿದ್ದರೆ ಡಾಂಬರಲ್ಲಿ ಸಲೀಸು. ಅದೇ ಬಟನ್‌ನ ಹಿಂದಿನ ಅಂಚು ನೆಟ್ಟಗೆ ಚೌಕವಾಗಿದ್ದರೆ ಬ್ರೇಕ್ ಹಿಡಿಯುತ್ತೆ. ಅರ್ಧ ದಾರಿ ಡಾಂಬರು ಅಂದಮೇಲೆ ಇದು ದಿನಾ ಕಾಲಿಗೆ ಗೊತ್ತಾಗೋ ವಿಷಯ.

ಹೆಸರು ಬೇಕಂದರೆ: ಮುಂದೆ ವಿಟ್ಟೋರಿಯಾ ಕಂಪನಿಯ ಬಾರ್ಜೊ, ಹಿಂದೆ ಮೆಜ್ಕಾಲ್. ನಿಮ್ಮ ದಾರಿಗೆ ನನ್ನ ಮೊದಲ ಆಯ್ಕೆ ಇದು. ಶ್ವಾಲ್ಬೆಯಲ್ಲಿ ರೇಸಿಂಗ್ ರೇ ಮುಂದಕ್ಕೆ, ರೇಸಿಂಗ್ ರಾಲ್ಫ್ ಹಿಂದಕ್ಕೆ ಅಂತಲೇ ಮಾಡಿರೋದು. ಇಳಿಜಾರಲ್ಲಿ ಇನ್ನೂ ಧೈರ್ಯ ಬೇಕಂದರೆ ಮುಂದೆ ನಾಬಿ ನಿಕ್. ಮ್ಯಾಕ್ಸಿಸ್ ಸಿಕ್ಕರೆ ಫೋರ್‌ಕಾಸ್ಟರ್ ಮುಂದೆ, ಐಕಾನ್ ಅಥವಾ ರೆಕಾನ್ ಹಿಂದೆ. ಮಿನಿಯನ್ ಡಿಎಚ್‌ಎಫ್ ಹಿಡಿತದಲ್ಲಿ ಭಾರಿ ಟಯರ್, ಆದರೆ ಅರ್ಧ ಡಾಂಬರಿಗೆ ಅದನ್ನು ತುಳಿಯೋದು ಸುಮ್ಮನೆ ದಂಡ.

ರಬ್ಬರ್ ಕೂಡ ಮುಂದೆ ಮೆತ್ತಗೆ, ಹಿಂದೆ ಗಟ್ಟಿ. ಶ್ವಾಲ್ಬೆಯ ಆಡಿಕ್ಸ್ ಅನ್ನೋ ರಬ್ಬರಿನ ಟಯರಲ್ಲಿ ಬಣ್ಣದ ಗೆರೆ ನೋಡಿ: ಕೆಂಪು ಅಂದರೆ ವೇಗದ್ದು, ನೀಲಿ ನಡುವಿನದು, ಕಿತ್ತಳೆ ಮೆತ್ತಗಿನದು. ಮುಂದೆ ಕಿತ್ತಳೆ ಅಥವಾ ನೀಲಿ, ಹಿಂದೆ ನೀಲಿ ಅಥವಾ ಕೆಂಪು.

2.4 ಬೇಡ. 21 ಮಿಮೀ ರಿಮ್‌ಗೆ ಅದು ಜಾಸ್ತಿ. ಟಯರ್ ಬಲ್ಬ್ ಆಕಾರಕ್ಕೆ ಬಂದು, ಗಾಳಿ ಇಳಿಸಿದರೆ ತಿರುವಲ್ಲಿ ಪಕ್ಕಕ್ಕೆ ಹೊರಳುತ್ತೆ. ಮುಂದೆ ಹೆಚ್ಚೆಂದರೆ 2.35, ಹಿಂದೆ 2.25. ಪಕ್ಕದಲ್ಲಿ ಕ್ರಮವಾಗಿ 60-622, 57-622 ಅಂತ ಬರೆದಿರುತ್ತೆ (ಮೊದಲ ಅಂಕಿ ಟಯರ್ ಅಗಲ, ಮಿಮೀಯಲ್ಲಿ). ಇಂಚಿನ ಲೆಕ್ಕಕ್ಕಿಂತ ಈ ಮಿಮೀ ಲೆಕ್ಕ ನಂಬಿ.

ಶತಶೃಂಗ

ಬಟನ್ ವಿಚಾರ ಎಲ್ಲಾ ಒಪ್ಪಿದೆ ಸರ್. ಆದರೆ ಈ ಜಿಲ್ಲೆಗಳಲ್ಲಿ ಬಟನ್‌ಗಿಂತ ಮೊದಲು ಮುಳ್ಳಿನ ಲೆಕ್ಕ ಹಾಕಬೇಕು. ಬದುಗಳ ಮೇಲೆ ನೆಗ್ಗಿಲು, ಕೆರೆ ಏರಿ ಪಕ್ಕ ಜಾಲಿ, ದ್ರಾಕ್ಷಿ ತೋಟದ ಅಂಚಲ್ಲಿ ಚಪ್ಪರದಿಂದ ಕತ್ತರಿಸಿ ಬಿಸಾಕಿದ ತಂತಿ ತುಂಡು. ನೆಗ್ಗಿಲು ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನೋಡ್ತಿರುತ್ತೆ. ಜಾಲಿ ಮುಳ್ಳು ಇನ್ನೂ ಕೆಟ್ಟದ್ದು: ಟಯರ್ ಒಳಗೆ ಮುರಿದು ತುದಿ ಅಲ್ಲೇ ಉಳಿಯುತ್ತೆ, ಹೊಸ ಟ್ಯೂಬ್ ಹಾಕಿದ ಎರಡು ಕಿಲೋಮೀಟರಲ್ಲಿ ಮತ್ತೆ ಪಂಕ್ಚರ್. ಟ್ಯೂಬ್ ಬದಲಿಸುವಾಗ ಹತ್ತಿ ಉಂಡೆ ಅಥವಾ ಹಳೆ ಬನಿಯನ್ ಚೂರನ್ನು ಟಯರ್ ಒಳಮೈ ಮೇಲೆ ಎರಡೂ ದಿಕ್ಕಿಗೆ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿನ ತುದಿ ಇದೆ. ಬೆರಳಿಗೆ ಸಿಗದೇ ಇರೋದು ಹತ್ತಿಗೆ ಸಿಗುತ್ತೆ.

ಹಾಗಾಗಿ ಹಿಂದಿನ ಟಯರ್‌ಗೆ ತೂಕ ನೋಡಬೇಡಿ. ಒಂದೇ ಮಾದರಿ ತೆಳು ಮತ್ತು ದಪ್ಪ ಕೇಸಿಂಗ್ (ರಬ್ಬರ್ ಒಳಗಿನ ನೂಲಿನ ಪದರ) ಎರಡರಲ್ಲೂ ಬರುತ್ತೆ, ದಪ್ಪದ್ದನ್ನೇ ಕೇಳಿ. 120 ಟಿಪಿಐ (ಇಂಚಿಗೆ ಎಷ್ಟು ನೂಲೆಳೆ ಅನ್ನೋ ಲೆಕ್ಕ) ಅಂದರೆ ತೆಳು ನೂಲು, ಮೆತ್ತಗೆ ಓಡುತ್ತೆ. 60 ಟಿಪಿಐ ದಪ್ಪ ನೂಲು, ಕಲ್ಲಿನ ಕೊಯ್ತ ಹೆಚ್ಚು ತಡೆಯುತ್ತೆ. ಕ್ವಾರಿ ಲಾರಿ ಓಡಾಡೋ ದಾರಿಯಲ್ಲಿ ಬಿದ್ದಿರೋ ಹೊಸ ಜಲ್ಲಿಯ ಅಂಚು ಗಾಜಿನ ಹಾಗೆ, ಸೈಡ್‌ವಾಲ್ (ಟಯರ್‌ನ ಪಕ್ಕದ ಗೋಡೆ) ಸೀಳಿಬಿಡುತ್ತೆ. ಅಂಥದ್ದಕ್ಕೆ ಬ್ಯಾಗಲ್ಲಿ ಹಳೆ ಟಯರ್‌ನ ಎರಡಿಂಚು ತುಂಡು ಇಟ್ಕೊಳ್ಳಿ. ಸೀಳಿದ ಕಡೆ ಒಳಗಿಂದ ಕೊಟ್ಟು ಟ್ಯೂಬ್ ಹಾಕಿದರೆ ಮನೆ ಸೇರಬಹುದು.

ಟ್ಯೂಬ್‌ಲೆಸ್ ಈಗ ಬೇಡ. ರಿಮ್ ಅದಕ್ಕೆ ಮಾಡಿದ್ದಲ್ಲದಿದ್ದರೆ ಬೀಡ್ ಗಟ್ಟಿಯಾಗಿ ಕೂರಲ್ಲ. ಕಡಿಮೆ ಗಾಳಿಯಲ್ಲಿ ತಿರುವಿನ ಒತ್ತಡ ಬಿದ್ದಾಗ ಬೀಡ್ ಬಿಟ್ಟುಕೊಂಡು ಒಮ್ಮೆಲೇ ಗಾಳಿ ಹೋಗುತ್ತೆ, ಅದೂ ಮುಂದಿನ ಚಕ್ರಕ್ಕಾದರೆ ಅಪಾಯ. ಅದರ ಬದಲು ವಾಲ್ವ್ ಪಿನ್ ಬಿಚ್ಚೋಕೆ ಬರೋ ಟ್ಯೂಬ್ ತಗೊಂಡು ಒಳಗೆ ಸೀಲೆಂಟ್ (ತೂತು ತಾನಾಗೇ ಮುಚ್ಚೋ ದ್ರವ) ಹಾಕಿ. ಮುಂದೊಂದು ದಿನ ಚಕ್ರಗಳನ್ನೇ ಬದಲಿಸೋ ಕಾಲ ಬಂದರೆ ಆಗ ಟ್ಯೂಬ್‌ಲೆಸ್ ಮಾಡಿ. ಈ ಅಳತೆಗೆ ಚಕ್ರಕ್ಕೆ 100 ಮಿಲಿ ಆಸುಪಾಸು ಸೀಲೆಂಟ್ ಹಿಡಿಯುತ್ತೆ. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತೆ, ತೆಗೆದು ನೋಡ್ತಿರಬೇಕು.

ತೇರಹಳ್ಳಿ ಕಡೆ ಬರೀ ಗ್ರಾನೈಟ್ ಬಂಡೆ. ಒಣಗಿದ್ದಾಗ ಅಲ್ಲಿ ರಬ್ಬರ್ ಮೆತ್ತಗಿದ್ದರೆ ಸಾಕು, ಬಟನ್ ಆಕಾರ ಲೆಕ್ಕಕ್ಕೇ ಬರಲ್ಲ.

ನಂದಿತಪ್ಪಲು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಾರ್ಜೊ-ಮೆಜ್ಕಾಲ್ ಕಡೆ ಮನಸ್ಸಿದೆ. ಅಳತೆ ತೆಗೆದೆ: ಚೈನ್‌ಸ್ಟೇ (ಹಿಂದಿನ ಚಕ್ರದ ಎರಡೂ ಪಕ್ಕದ ಫ್ರೇಮ್ ಕೊಳವೆ) ಮಧ್ಯೆ, ಟಯರ್ ಅತಿ ಅಗಲ ಬರೋ ಕಡೆ, 70 ಮಿಮೀ. ಫೋರ್ಕ್‌ನಲ್ಲಿ (ಮುಂದಿನ ಚಕ್ರ ಹಿಡಿಯೋ ಕವೆ) 78. ಇನ್ನೆರಡು ಪ್ರಶ್ನೆ. ಈಗಿನ ಟಯರ್ ಮೇಲೆ 40-65 ಪಿಎಸ್‌ಐ ಅಂತ ಇದೆ, 45 ಹೊಡೀತೀನಿ. ಹೊಸದಕ್ಕೆ ಎಷ್ಟು? ಸದ್ಯಕ್ಕೆ ಒಂದೇ ಕೊಳ್ಳೋ ಹಾಗಾದರೆ, ಸವೆದಿರೋದು ಹಿಂದಿನದು, ಅದನ್ನೇ ಮೊದಲು ಬದಲಿಸಲಾ?

ದುರ್ಗದ ಇಳಿಜಾರು

ದೇವರಾಯನದುರ್ಗದ ಕಡೆಯೂ ಇದೇ ಗರಸು, ಆದ್ದರಿಂದ ಗಾಳಿ ವಿಚಾರ ನಾನು ಹೇಳ್ತೀನಿ. 45 ಅಂದರೆ ಟಯರ್ ಕಲ್ಲಿನಂತೆ ಗರಸಿನ ಮೇಲೆ ಪುಟಿಯುತ್ತೆ. ಹಿಡಿತ ಹೋಗೋಕೆ ಅರ್ಧ ಕಾರಣ ಅದೇ. ಹಾಗಂತ ಹಳೆ ಟಯರನ್ನು ಬರೆದಿರೋ 40ಕ್ಕಿಂತ ಕೆಳಗೆ ಇಳಿಸಬೇಡಿ. ಹೊಸದರ ಪಕ್ಕದಲ್ಲಿ ಬರೆದಿರೋ ಮಿತಿ ನೋಡಿ, ಒಪ್ಪುವಂತಿದ್ದರೆ ಟ್ಯೂಬ್ ಜೊತೆ ನಿಮ್ಮ ತೂಕಕ್ಕೆ ಮುಂದೆ 26, ಹಿಂದೆ 30ರಿಂದ ಶುರು ಮಾಡಿ. ಅದೇ ದಾರಿ, ಅದೇ ತಿರುವು ಎರಡು ಮೂರು ಸಲ ಹೋಗಿ ಒಂದೊಂದೇ ಪಿಎಸ್‌ಐ ಇಳಿಸಿ. ತಿರುವಲ್ಲಿ ಟಯರ್ ಹೊರಳಿದ ಹಾಗೆ ಅನ್ನಿಸಿದರೆ, ಅಥವಾ ಕಲ್ಲಿಗೆ ರಿಮ್ ಠಣ್ ಅಂದರೆ, ಎರಡು ಏರಿಸಿ ಅಲ್ಲೇ ನಿಲ್ಲಿಸಿ.

ಟ್ಯೂಬಲ್ಲಿ ಪಕ್ಕಪಕ್ಕ ಎರಡು ಸೀಳು ತೂತು ಕಂಡರೆ ಅದು ಮುಳ್ಳಲ್ಲ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಜಜ್ಜಿದ್ದು, ಅಂದರೆ ಗಾಳಿ ಕಡಿಮೆ.

ಬೆಳಗ್ಗೆ 18 ಡಿಗ್ರಿಯಲ್ಲಿ 28 ಹೊಡೆದಿದ್ದು ಬಿಸಿಲೇರಿ 33 ಆದಾಗ ಸುಮಾರು 30 ಆಗಿರುತ್ತೆ. ಬೇಸಿಗೆಯಲ್ಲಿ ಇದನ್ನೂ ಲೆಕ್ಕಕ್ಕೆ ಹಿಡೀರಿ. ಹೆಬ್ಬೆರಳಲ್ಲಿ ಒತ್ತಿ ನೋಡೋದು ಬೇಡ, ಪ್ರತಿ ಸಲ ಒಂದೇ ಗೇಜ್ ಬಳಸಿ. ಗೇಜ್ ಎರಡು ಪಿಎಸ್‌ಐ ತಪ್ಪು ತೋರಿಸಿದರೂ ಪರವಾಗಿಲ್ಲ, ದಿನಾ ಅಷ್ಟೇ ತಪ್ಪು ತೋರಿಸಿದರೆ ಸಾಕು.

ಗರಸುದಾರಿ

70ರಲ್ಲಿ 57 ಕಳೆದರೆ 13, ಪಕ್ಕಕ್ಕೆ ಆರೂವರೆ ಮಿಮೀ. ಸರಿಹೋಯ್ತು, 6ಕ್ಕಿಂತ ಕಡಿಮೆ ಆಗಬಾರದು. ಹಿಂದೆಯೂ 2.35 ಹಾಕಿದ್ದರೆ 5 ಮಾತ್ರ ಉಳೀತಿತ್ತು. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಕೆರೆ ಅಂಗಳದ ಜೇಡಿ ಅಂಟಿದರೆ ಆ ಜಾಗ ತುಂಬಿ ಚಕ್ರ ಸಿಕ್ಕಿಕೊಳ್ಳುತ್ತೆ, ಮಣ್ಣಲ್ಲಿರೋ ಗರಸು ಚೈನ್‌ಸ್ಟೇ ಬಣ್ಣ ಉಜ್ಜಿ ಹಾಕುತ್ತೆ. ಫೋರ್ಕ್‌ನಲ್ಲಿ 60ಕ್ಕೆ ಪಕ್ಕಕ್ಕೆ 9 ಸಿಗುತ್ತೆ. ಮೇಲಿನ ಕಮಾನಿನ ಕೆಳಗೆ ಎಷ್ಟಿದೆ ಅಂತಲೂ ನೋಡ್ಕೊಳ್ಳಿ.

ಒಂದೇ ಕೊಳ್ಳೋದಾದರೆ ಬಾರ್ಜೊ ಕೊಂಡು ಮುಂದೆ ಹಾಕಿ. ಈಗ ಮುಂದಿರೋದನ್ನು ಹಿಂದಕ್ಕೆ ಕಳಿಸಿ, ಸೈಡ್‌ವಾಲ್‌ನಲ್ಲಿ ಕೊಯ್ತ ಇಲ್ಲದಿದ್ದರೆ ಅದು ಇನ್ನೂ ಕೆಲವು ತಿಂಗಳು ದುಡಿಯುತ್ತೆ. ಸವೆದ ಹಿಂದಿನದನ್ನು ಮಾತ್ರ ಯಾವತ್ತೂ ಮುಂದಕ್ಕೆ ತರಬೇಡಿ. 2.35ರ ಬಾರ್ಜೊವನ್ನೂ ಹಿಂದಕ್ಕೆ ಹಾಕಬೇಡಿ, ಜಾಗ ಸಾಲಲ್ಲ; ಅಲ್ಲಿಗೆ ಆಮೇಲೆ ಮೆಜ್ಕಾಲ್ ಕೊಳ್ಳಿ. ಹಿಂದಿನದರ ನಡುಸಾಲು ಅರ್ಧ ಎತ್ತರಕ್ಕೆ ಇಳಿದ ದಿನ ತೆಗೆದುಬಿಡಿ.

ಹಾಕುವಾಗ ಪಕ್ಕದ ಬಾಣದ ಗುರುತು ಮುಂದಕ್ಕೆ ಉರುಳೋ ದಿಕ್ಕಿಗಿರಲಿ. ವಾಲ್ವ್‌ನ ಎದುರು ಕಡೆಯಿಂದ ಶುರು ಮಾಡಿ, ಬೀಡನ್ನು ರಿಮ್‌ನ ನಡುವಿನ ತಗ್ಗಿಗೆ ಒತ್ತುತ್ತಾ ಬಂದು ವಾಲ್ವ್ ಹತ್ತಿರ ಮುಗಿಸಿ. ಹೀಗೆ ಮಾಡಿದರೆ ಲಿವರ್ ಇಲ್ಲದೆ ಕೈಯಲ್ಲೇ ಕೂರುತ್ತೆ, ಟ್ಯೂಬ್ ಚಿವುಟಲ್ಲ. 10 ಪಿಎಸ್‌ಐ ಹೊಡೆದು ನಿಲ್ಲಿಸಿ, ಚಕ್ರ ತಿರುಗಿಸಿ ನೋಡಿ. ರಿಮ್ ಅಂಚಿನ ಪಕ್ಕ ಟಯರ್ ಮೇಲೊಂದು ತೆಳು ಗೆರೆ ಇರುತ್ತೆ. ಅದು ಸುತ್ತಲೂ ಒಂದೇ ಎತ್ತರಕ್ಕೆ ಕಾಣಬೇಕು. ಎಲ್ಲಾದರೂ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಅಷ್ಟು ಜಾಗಕ್ಕೆ ಸೋಪಿನ ನೀರು ಹಚ್ಚಿ ಮತ್ತೆ ಹೊಡೆಯಿರಿ.