ಎಡಗೈಯಲ್ಲಿ ಟೈಪ್ ಮಾಡಿ ತೋರಿಸಿ

ನಮ್ಮ ‘ಮನೆಮಂದಿ ಮುಂಬಯಿ’ ಗುಂಪಿನಲ್ಲಿ 34 ಜನ. ಹೆಚ್ಚಿನವರು ಡೊಂಬಿವಲಿ, ಮುಲುಂಡ್, ಠಾಣೆಯವರು. ಎರಡು ಮನೆ ಪುಣೆಯಲ್ಲಿ. ಅಡ್ಮಿನ್ ನಾನು. ಅಂದರೆ ಜಗಳ ಆದಾಗ ಎರಡೂ ಕಡೆಯವರ ಫೋನ್ ಬರುವುದು ನನಗೆ.

ಕಳೆದ ಮಂಗಳವಾರ ರಾತ್ರಿ 9:06ಕ್ಕೆ ವನಜಕ್ಕ ಒಂದು ಫಾರ್ವರ್ಡ್ ಹಾಕಿದಳು. ಕೆಂಪು ಅಕ್ಷರ, ಮೇಲೆ ಮೂರು ಸೈರನ್. “ಎಚ್ಚರ! ವಾರಕ್ಕೆ 55 ಗಂಟೆ ಕೆಲಸ ಮಾಡುವವರಲ್ಲಿ 35% ಮಂದಿಗೆ ಪಾರ್ಶ್ವವಾಯು! ವಿಶ್ವ ಆರೋಗ್ಯ ಸಂಸ್ಥೆ ನಿನ್ನೆ ಘೋಷಿಸಿದೆ! ಕೆಲಸದ ಒತ್ತಡದಿಂದ ಬಸವಳಿಯುವ ಬರ್ನ್‌ಔಟ್ ಇನ್ನು ಮುಂದೆ ರೋಗ! 10 ಗುಂಪುಗಳಿಗೆ ಕಳಿಸಿ.” ಅದರ ಕೆಳಗೆ ಅವಳದೇ ಎರಡು ಶಬ್ದ: “ಸಂದೀಪಾ, ಓದು.”

ಸಂದೀಪ ಅವಳ ಮಗ, ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್. ಗುಂಪಿನಲ್ಲಿ ಇದ್ದಾನೆ, ಬಾಯಿ ಬಿಡುವುದಿಲ್ಲ.

ಎರಡು ನಿಮಿಷದೊಳಗೆ ಪ್ರಕಾಶ ಭಾವ ಹಾಜರ್. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಮ್ಮ ಗುಂಪಿನ ಆಡಿಟ್ ಅವರದೇ.

ಪ್ರಕಾಶ ಭಾವ: ಮೂಲ ಯಾವುದು?

ವನಜಕ್ಕ: ಮೆಸೇಜಿನಲ್ಲೇ ಉಂಟಲ್ಲ, ವಿಶ್ವ ಆರೋಗ್ಯ ಸಂಸ್ಥೆ.

ಪ್ರಕಾಶ ಭಾವ: ನಿನ್ನೆ ಅಲ್ಲ, 2021ರ ಮೇ. ನೂರರಲ್ಲಿ 35 ಜನಕ್ಕೆ ಅಂತ ಅಲ್ಲ. ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಅಪಾಯ 35% ಹೆಚ್ಚು ಅಂತ. ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ. ಬರ್ನ್‌ಔಟ್ ರೋಗ ಅಂತಲೂ ಅವರು ಹೇಳಲಿಲ್ಲ. 2019ರಲ್ಲಿ ಹೇಳಿದ್ದು ಅದು ಉದ್ಯೋಗದಿಂದ ಬರುವ ಒಂದು ಸ್ಥಿತಿ, ಕಾಯಿಲೆ ಅಲ್ಲ ಅಂತ. ಓದದೆ ಕಳಿಸಬೇಡಿ.

ವನಜಕ್ಕ: ನೀವು ಬಿಸಿನೀರಿಗೆ ನಿಂಬೆ ಹಿಂಡಿ ಕೊರೋನಾ ಓಡಿಸಿದಾಗ ನಾವು ಮೂಲ ಕೇಳಿದೆವಾ?

ಏಳು ನಗುವ ಮುಖ ಬಿದ್ದವು. ಭಾವ ಹೇಳಿದ್ದೆಲ್ಲ ಸರಿಯೇ ಇತ್ತು, ಆಮೇಲೆ ಹುಡುಕಿ ನೋಡಿದೆ. ಆದರೆ ನಿಂಬೆಯ ಎದುರು ಅಂಕಿ ಎಲ್ಲಿ ನಿಲ್ಲುತ್ತದೆ?

ಅಂಧೇರಿಯಲ್ಲಿ ಎಚ್‌ಆರ್ ಆಗಿರುವ ಶಾಲಿನಿ ನಡುವೆ ಬಂದಳು. ಅವರ ಕಂಪನಿಯಲ್ಲಿ ಈ ವಾರ ‘ವೆಲ್‌ನೆಸ್ ವೀಕ್’ ಅಂತೆ: ಸೋಮವಾರ ಹಣ್ಣಿನ ಬುಟ್ಟಿ, ಬುಧವಾರ ಸಂಜೆ 6ಕ್ಕೆ ಒತ್ತಡ ನಿರ್ವಹಣೆಯ ತರಗತಿ. “ಹಾಜರಿ ಕಡ್ಡಾಯ” ಎಂದು ಬರೆದು ತಾನೇ ನಾಲಿಗೆ ಕಚ್ಚಿಕೊಂಡ ಚಿತ್ರ ಹಾಕಿದಳು. ಡೊಂಬಿವಲಿಯ ಒಬ್ಬ ಅಳಿಯ ಕೇಳಿದ, “ತರಗತಿ ಮುಗಿಸಿ ಫಾಸ್ಟ್ ಲೋಕಲ್ ತಪ್ಪಿದರೆ ಅದರ ಒತ್ತಡವನ್ನು ಯಾರು ನಿರ್ವಹಿಸ್ತಾರೆ ಅಕ್ಕ? ಈ 55 ಗಂಟೆಯಲ್ಲಿ ರೈಲಿನ ಮೂರು ಗಂಟೆ ಸೇರ್ತದಾ?” ಇಡೀ ರಾತ್ರಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಯಾರೂ ಉತ್ತರಿಸಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಟೈಪ್ ಮಾಡುತ್ತಿದ್ದರು. ದೊಡ್ಡಪ್ಪ ಟೈಪ್ ಮಾಡುವಾಗ ಉಳಿದವರು ಕಾಯುವುದು ನಮ್ಮಲ್ಲಿ ರೂಢಿ.

ದೊಡ್ಡಪ್ಪ: ನಾವು ಹೋಟೆಲಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದರೆ ರಾತ್ರಿ ಹನ್ನೊಂದಕ್ಕೆ ಮೇಜು ಒರೆಸುದು. ಅದೇ ಮೇಜಿನ ಮೇಲೆ ಮಲಗುದು. ಒತ್ತಡ ಅಂತ ಯಾವ ಸಾವ್ಕಾರರಿಗೆ ಹೇಳಿದ್ದೇವೆ? ಈಗಿನವರಿಗೆ ಎಸಿ, ಕುರ್ಚಿ, ಹಣ್ಣು. ಆದ್ರೂ ದಣಿವು. ನಮಗೆ ಎಂತ ಆಯ್ತು?

ಸುಧಾಕರಣ್ಣನಿಗೆ ಇಷ್ಟು ಸಾಕಾಯಿತು.

ಸುಧಾಕರಣ್ಣ: ಫೋರ್ಟ್‌ನ ರಾತ್ರಿ ಶಾಲೆ ಮರೆತ್ರಾ ದೊಡ್ಡಪ್ಪ? ಸಂಜೆ ಆರೂವರೆಗೆ ಎಪ್ರನ್ ಬಿಚ್ಚಿ ಓಡುದು! ಕೈಯಲ್ಲಿ ಈರುಳ್ಳಿ ವಾಸನೆ, ಪುಸ್ತಕದಲ್ಲೂ ಈರುಳ್ಳಿ ವಾಸನೆ!! ಮಾಸ್ಟ್ರು ಲೆಕ್ಕ ಹೇಳಿದರೆ ಹಿಂದಿನ ಎರಡು ಬೆಂಚು ಗೊರಕೆ.

ಸುಧಾಕರಣ್ಣ: 82ರ ಬಟ್ಟೆ ಮಿಲ್ ಮುಷ್ಕರದಲ್ಲಿ ಮಿಲ್ ಕೇರಿ ಗಿರಣಗಾಂವ್‌ನಲ್ಲಿ ಉದ್ರಿ ಖಾತೆ ಬರೆದದ್ದು ನಾನೇ. ಅರ್ಧ ವಸೂಲೇ ಆಗ್ಲಿಲ್ಲ.

ಆಮೇಲೆ ಇಪ್ಪತ್ತು ನಿಮಿಷ ಇದೇ. ಆಗ ಇಡ್ಲಿಗೆ ಎಷ್ಟು, ಚಟ್ನಿ ಎಷ್ಟು ಸಲ ಹಾಕುತ್ತಿದ್ದರು. ಯಾರೋ ಮಾಟುಂಗಾದ ಹಳೇ ಫೋಟೋ ಹಾಕಿದರು. ಗಲಾಟೆ ತಣ್ಣಗಾಯಿತು ಎಂದು ನಾನು ಊಟಕ್ಕೆ ಎದ್ದೆ. ಕೈ ತೊಳೆದು ಬರುವಾಗ ವನಜಕ್ಕನ ಮೆಸೇಜ್ ಬಿದ್ದಿತ್ತು.

ವನಜಕ್ಕ: ಎಂತ ಆಯ್ತು ಅಂತ ಕೇಳ್ತೀರಲ್ಲ. ಎಡಗೈಯಲ್ಲಿ ಟೈಪ್ ಮಾಡಿ ತೋರಿಸಿ ದೊಡ್ಡಪ್ಪ.

ಒಂದು ನಿಮಿಷದಲ್ಲಿ ಅದನ್ನು ಅಳಿಸಿದಳು. ಅಷ್ಟರಲ್ಲಿ 21 ಜನ ಓದಿಯಾಗಿತ್ತು.

ಗೊತ್ತಿಲ್ಲದವರಿಗೆ ಹೇಳಬೇಕು: 2009ರ ಮಳೆಗಾಲದಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ದೊಡ್ಡಪ್ಪನ ಎಡಗೈಯಿಂದ ಕಾಫಿ ಲೋಟ ಜಾರಿತು. ಆಗ ಅವರಿಗೆ 57. ಮಾತು ವಾಪಸು ಬಂತು, ನಡಿಗೆ ಬಂತು. ಎಡಗೈಯ ಬೆರಳುಗಳು ಮಡಚಿದ್ದು ಮಡಚಿದ ಹಾಗೇ ಉಳಿದವು. ಈಗ ಆ ಬೆರಳಿಗೆ ಕೊಡೆಯನ್ನು ಸಿಕ್ಕಿಸಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾರೆ, ಗೂಟಕ್ಕೆ ಚೀಲ ತೂಗುಹಾಕಿದ ಹಾಗೆ. ನಾವು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಹತ್ತು ನಿಮಿಷ ಗುಂಪು ನಿಶ್ಶಬ್ದ. ನಿಶ್ಶಬ್ದ ಮುರಿಯಲು ಪ್ರಕಾಶ ಭಾವನೇ ಆಗಬೇಕಿತ್ತಾ!

ಪ್ರಕಾಶ ಭಾವ: ಒಬ್ಬರ ಉದಾಹರಣೆ ಪುರಾವೆ ಆಗುದಿಲ್ಲ. ಅವರಿಗೆ ಬಿಪಿ ಇತ್ತು, ಬೀಡಿಯೂ ಇತ್ತು.

ವನಜಕ್ಕ: ಬೀಡಿ ಲೆಕ್ಕ ಇಟ್ಟವರು ಆಸ್ಪತ್ರೆಗೆ ಎಷ್ಟು ರಾತ್ರಿ ಬಂದಿದ್ರಿ?

ಪ್ರಕಾಶ ಭಾವ: ಆಗ ಆಡಿಟ್ ಇತ್ತು.

ವನಜಕ್ಕ: ಜುಲೈಯಲ್ಲಿ ಎಂತ ಆಡಿಟ್?

ಸುಧಾಕರಣ್ಣ: ಹನ್ನೊಂದು ರಾತ್ರಿ ನಾನು ಮಲಗಿದ್ದೆ. ಯಾರೂ ನೆನಪಿಟ್ಟುಕೊಂಡಿಲ್ಲ, ಇರ್ಲಿ.

ಶಾಲಿನಿ: ಅಣ್ಣ, ಆರು ರಾತ್ರಿ. ಉಳಿದದ್ದು ನನ್ನಪ್ಪ.

ಗಂಡ ಪ್ರಕಾಶ ಭಾವನ ಪರ ನಿಲ್ಲಲು ಜಯಕ್ಕ ಬಂದಳು. “ಆ ವರ್ಷ ಇವರು ಬ್ಯಾಂಕಿನಿಂದ ಮನೆಗೆ ಬರುವಾಗ ರಾತ್ರಿ ಹತ್ತೂವರೆ. ಮಗು ಅಪ್ಪನ ಮುಖ ನೋಡುತ್ತಿದ್ದದ್ದು ಭಾನುವಾರ. ಒಂದು ದಿನ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದರು. ನಿಮಗೆಲ್ಲ ಗೊತ್ತುಂಟಾ?” ಭಾವನಿಗೆ ಗುಂಪಿನಲ್ಲಿ ಇಷ್ಟು ಅವಮಾನ ವನಜಕ್ಕನಿಂದಲೂ ಆಗಿರಲಿಲ್ಲ. ಅವರ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಏನೂ ಬರಲಿಲ್ಲ. ಮೊದಲಿನ ಮೆಸೇಜುಗಳನ್ನು ಮೇಲಿಂದ ಒಂದೊಂದಾಗಿ ಅಳಿಸತೊಡಗಿದರು; ಆ ಅಂಕಿಅಂಶ ಸಮೇತ. ಇಡೀ ಚರ್ಚೆಯಲ್ಲಿ ಸರಿಯಾಗಿದ್ದದ್ದೇ ಅಳಿಸಿಹೋಯಿತು, ಸೈರನ್ ಮಾತ್ರ ಉಳಿಯಿತು.

11:47ಕ್ಕೆ ಸಂದೀಪ.

ಸಂದೀಪ: ಈಗ ಕಾಲ್ ಮುಗೀತು. 126 ಮೆಸೇಜ್?? ಯಾರಾದ್ರೂ ಹೋಗಿಬಿಟ್ರಾ?

ಶಾಲಿನಿ: ಇಲ್ಲ ಮಾರಾಯ. ನಿನ್ನ ಬಗ್ಗೆಯೇ.

ಸಂದೀಪ: ನಾಳೆ ಓದ್ತೇನೆ. 12:30ಕ್ಕೆ ಇನ್ನೊಂದು ಕಾಲ್ ಉಂಟು.

ಬೆಳಿಗ್ಗೆ ಆರಕ್ಕೆ ಸುಧಾಕರಣ್ಣನ ಗುಲಾಬಿ ಹೂವು, ಶುಭೋದಯ. ಅದರ ಹಿಂದೆಯೇ ನನಗೆ ದೊಡ್ಡಪ್ಪನ ಫೋನ್. ಅಡ್ಮಿನ್ ಆಗಿ ಎಂತ ಮಾಡ್ತಿದ್ದೆ ಅಂತ ಬೈಯುತ್ತಾರೆ ಅಂದುಕೊಂಡೆ.

“ನಾಲ್ಕರಿಂದ ಹನ್ನೊಂದು. ಶಾಲೆಯ ಮೂರು ಗಂಟೆ ಕಳಿ. ವಾರಕ್ಕೆ ಎಷ್ಟಾಗ್ತದೆ, ನಿನ್ನ ಮೊಬೈಲಿನಲ್ಲಿ ನೋಡು.”

“ವಾರಕ್ಕೊಂದು ರಜೆ?”

“ಎಂತ ರಜೆ!”

“112, ದೊಡ್ಡಪ್ಪ.”

“ಹ್ಞೂಂ” ಅಂದರು. ಆಚೆ ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಕೇಳಿದರು, “ಆ ಹುಡುಗ ರಾತ್ರಿ ಉಂಡನಾ?”

ಗೊತ್ತಿಲ್ಲ ಅಂದೆ.